ಮೊದಲ ಪ್ರಶ್ನೆಗೆ ಸಿಗುವ ಮೊದಲ ಉತ್ತರ

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮೂರು ವರ್ಷಗಳ ಹಿಂದೆ ಸುತ್ತಮುತ್ತಲಿನ ಬೆಳೆಗಾರರಿಗಾಗಿ ಒಂದು ವಾಟ್ಸಾಪ್ ಗುಂಪು ಆರಂಭಿಸಿದೆ. ಈಗ ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯ ಸುಮಾರು 700 ಜನ ಇದ್ದಾರೆ. ಆದರೆ ಮಾತನಾಡುವವರು ಹದಿನೈದಿಪ್ಪತ್ತು ಜನ ಮಾತ್ರ. ಹೊಸದಾಗಿ ಸೇರಿದವರು ಒಂದು ಪ್ರಶ್ನೆ ಕೇಳುತ್ತಾರೆ, ಆಮೇಲೆ ಅವರ ಸುದ್ದಿಯೇ ಇರುವುದಿಲ್ಲ. ಅದದೇ ಪ್ರಶ್ನೆಗೆ ಉತ್ತರ ಹೇಳಿ ಹಿರಿಯರೂ ಬೇಸತ್ತಿದ್ದಾರೆ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಮರಳಿದ ಹುಡುಗನೊಬ್ಬ ಕಳೆದ ತಿಂಗಳು ಅಡಿಕೆ ಸೋಗೆ (ಗರಿ) ಹಳದಿಯಾಗುತ್ತಿದೆ ಎಂದು ಫೋಟೊ ಹಾಕಿದ. ‘ಹಳೇ ಮೆಸೇಜ್ ನೋಡಪ್ಪ, ನಿನ್ನೆ ತಾನೆ ಹೇಳಿದ್ದೀವಿ’ ಎಂದು ಹಿರಿಯರೊಬ್ಬರು ಬರೆದರು. ಅರ್ಧ ಗಂಟೆಯಲ್ಲಿ ಅವನು ಗುಂಪು ಬಿಟ್ಟ. 22 ನಿಯಮಗಳ ಪಟ್ಟಿ ಮಾಡಿ ಸೇರಿದವರಿಗೆಲ್ಲ ಕಳಿಸುತ್ತಿದ್ದೇನೆ, ಪ್ರಯೋಜನ ಕಾಣುತ್ತಿಲ್ಲ. ಹೊಸಬರಿಗೆಂದೇ ಬೇರೆ ಗುಂಪು ಮಾಡುವುದು ಒಳ್ಳೆಯದೇ?

ಉತ್ತರ: ಬೇರೆ ಗುಂಪು ಈಗಲೇ ಬೇಡ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಪತ್ರದಲ್ಲಿರುವ ಒಂದು ಚಿಂತೆಯನ್ನು ಕಡಿಮೆ ಮಾಡಬೇಕು, ಮತ್ತೊಂದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳುವಂತೆ ಕೇಳಿಕೊಳ್ಳಬೇಕು.

ಕಡಿಮೆ ಮಾಡಿಕೊಳ್ಳಬಹುದಾದ ಚಿಂತೆಯೆಂದರೆ 700ರಲ್ಲಿ ಇಪ್ಪತ್ತೇ ಜನ ಮಾತನಾಡುತ್ತಾರೆ ಎಂಬುದು. ಅಂತರ್ಜಾಲದ ಬಳಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದಂತೆ, ಇಂಥ ಹೆಚ್ಚಿನ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಜನ ಕೇವಲ ಓದುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಾರೆ, ಒಬ್ಬರು ಮಾತ್ರ ಹೆಚ್ಚಿನ ಮಾತನ್ನೆಲ್ಲ ಆಡುತ್ತಾರೆ. ಇದು ತೂಕ ಹಾಕಿದಂಥ ನಿಖರ ಲೆಕ್ಕವಲ್ಲ, ಸ್ಥೂಲ ಅಂದಾಜು. ಆದರೂ ನಿಮ್ಮ ಗುಂಪು ಅದಕ್ಕಿಂತ ತೀರ ಭಿನ್ನವಾಗಿಲ್ಲ. ಸುಮ್ಮನೆ ಓದುವವರಲ್ಲಿ ಎಷ್ಟೋ ಜನ ಕಲಿಯುತ್ತಿರುತ್ತಾರೆ, ಕಲಿತದ್ದನ್ನು ತೋಟದಲ್ಲಿ ಮಾಡಿಯೂ ನೋಡುತ್ತಿರುತ್ತಾರೆ. ನಾನು ದಾವಣಗೆರೆಯಲ್ಲಿ ಕುಳಿತು ಹಲವು ವರ್ಷಗಳಿಂದ ರೈತರ ಇಂಥ ಗುಂಪುಗಳನ್ನು ನೋಡಿಕೊಳ್ಳುತ್ತಿದ್ದೇನೆ. ಒಂದು ಸಾಲನ್ನೂ ಬರೆಯದ ಸದಸ್ಯರು ಸಂತೆಯಲ್ಲಿ ಸಿಕ್ಕಾಗ, ಎರಡು ವರ್ಷದ ಹಿಂದೆ ಯಾರೋ ಕೊಟ್ಟ ಸಲಹೆಯನ್ನು ಅಕ್ಷರ ಬಿಡದೆ ಹೇಳಿದ್ದುಂಟು. ಓದುವವರ ಮೌನಕ್ಕೆ ಹೆದರಬೇಡಿ.

ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಆ ಹುಡುಗನ ಅರ್ಧ ಗಂಟೆಯನ್ನು. ಅವನು ಮೊದಲಿನಿಂದಲೂ ಮೌನವಾಗಿದ್ದವನಲ್ಲ, ಮಾತನಾಡಿ ಮೌನವಾದವನು. ಹಳೆಯ ಮೆಸೇಜ್ ನೋಡು ಎಂದವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಅವರ ಫೋನಿನಲ್ಲಿ ಮೂರು ವರ್ಷದ ಮಾತುಕತೆ ಇದೆ, ಬೆರಳಿನಿಂದ ಮೇಲಕ್ಕೆ ತಳ್ಳಿದರೆ ನಿನ್ನೆಯದು, ಮೊನ್ನೆಯದು, ಹೋದ ಮಳೆಗಾಲದ್ದು ಎಲ್ಲವೂ ಕಾಣುತ್ತದೆ. ಹುಡುಗನ ಫೋನಿನಲ್ಲಿ ಅದಿಲ್ಲ. ವಾಟ್ಸಾಪ್ ಗುಂಪಿಗೆ ಹೊಸದಾಗಿ ಸೇರಿದವರಿಗೆ ಹಿಂದಿನ ಮಾತುಕತೆಯೆಲ್ಲ ತಾನಾಗಿ ಬರುವುದಿಲ್ಲ. ಅವನು ತೆರೆದು ನೋಡಿದ ಗುಂಪು ಅವನು ಸೇರಿದ ಗಳಿಗೆಯಿಂದ ಆರಂಭವಾಗುತ್ತದೆ. ಇಲ್ಲದ ಪುಸ್ತಕವನ್ನು ಓದಿಲ್ಲವೆಂದು ಅವನನ್ನು ಗದರಿಸಿದಂತಾಯಿತು. ಅದದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆಯೆಂದರೆ ಅದು ಕೇಳುವವರ ಸೋಮಾರಿತನವಲ್ಲ, ಗುಂಪಿಗೆ ನೆನಪಿಲ್ಲ ಎಂದರ್ಥ. ನೆನಪನ್ನು ಕಟ್ಟುವುದು ಅಡ್ಮಿನ್‌ಗಳಾದ ನಿಮ್ಮ ಕೆಲಸ, ಹೊಸಬರದಲ್ಲ. ನಾನು ಈ ಉತ್ತರದಲ್ಲಿ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಈ ಸಂಕಟ ಬಹಳ ಹಳೆಯದು. ವಾಟ್ಸಾಪ್ ಹುಟ್ಟುವುದಕ್ಕೆ ಬಹಳ ಮುಂಚೆ ಯೂಸ್‌ನೆಟ್ ಎಂಬ ಚರ್ಚಾ ಜಾಲವಿತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊಸ ವಿದ್ಯಾರ್ಥಿಗಳು ಬಂದಾಗ ಅವರು ಆ ಜಾಲಕ್ಕೂ ಬರುತ್ತಿದ್ದರು, ಹಳಬರು ಒಂದೆರಡು ತಿಂಗಳು ಅವರಿಗೆ ರೀತಿನೀತಿ ಹೇಳಿಕೊಡುತ್ತಿದ್ದರು, ಅಷ್ಟರಲ್ಲಿ ಎಲ್ಲ ಹದಕ್ಕೆ ಬರುತ್ತಿತ್ತು. 1993–94ರ ಹೊತ್ತಿಗೆ ಖಾಸಗಿ ಕಂಪನಿಗಳು ಜನಸಾಮಾನ್ಯರಿಗೂ ಬಾಗಿಲು ತೆರೆದಾಗ ಹೊಸಬರ ಹರಿವು ನಿಲ್ಲಲೇ ಇಲ್ಲ. ಹಳಬರು ಅದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. ನಮ್ಮಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭವಾಗಿ ಡೇಟಾ ಅಗ್ಗವಾದ ಮೇಲೆ ಹಳ್ಳಿಹಳ್ಳಿಯ ಗುಂಪುಗಳಲ್ಲೂ ಆದದ್ದು ಅದೇ. ಹತ್ತು ಜನ ಬಂದಾಗ ಬಾಯಿಮಾತಿನಲ್ಲಿ ಕಲಿಸಬಹುದು. ನೂರಾರು ಜನ ಬರುವಾಗ ಬರೆದಿಟ್ಟ ನೆನಪು ಬೇಕಾಗುತ್ತದೆ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದೆಡೆ ಬರೆದಿಡುವ ಪದ್ಧತಿ ಆ ಹಳೆಯ ಜಾಲದಲ್ಲಿ ಬೇರೂರಿದ್ದು ಈ ಅಗತ್ಯದಿಂದಲೇ.

ಹಾಗೆ ಬರೆದಿಡುವಾಗ ಹೇಗೆ ಬರೆಯಬೇಕು ಎಂಬುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಗುಂಪುಗಳು ಎಡವುವುದು ಇಲ್ಲಿಯೇ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಏನು ಮಾಡಬೇಕೆಂದು ಯಾರಾದರೂ ಕೇಳಿದರೆ, ಹಳಬರ ಉತ್ತರ ಒಂದೇ ಸಾಲು: ‘ಒಂದು ಪರ್ಸೆಂಟ್ ಬೋರ್ಡೋ ಹೊಡೀರಿ.’ ತಿಳಿದವರಿಗೆ ಇದು ಪೂರ್ಣ ಉತ್ತರ. ಹೊಸಬನಿಗೆ ಇದರಲ್ಲಿ ಏನೂ ಇಲ್ಲ. ಬೋರ್ಡೋ ಎಂಬುದು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಸಿಂಪಡಣೆಯ ದ್ರಾವಣ ಎಂದಾಗಲೀ, ಒಂದು ಪರ್ಸೆಂಟ್ ಎಂದರೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಒಟ್ಟು ನೂರು ಲೀಟರ್ ನೀರು ಎಂದಾಗಲೀ ಅವನಿಗೆ ಗೊತ್ತಿಲ್ಲ. ಐವತ್ತು ಲೀಟರ್ ನೀರಿನಲ್ಲಿ ತುತ್ತವನ್ನೂ ಇನ್ನೈವತ್ತು ಲೀಟರ್‌ನಲ್ಲಿ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕೇ ಹೊರತು ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು, ಕೊನೆಗೆ ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ ಅದರ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು, ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು. ಈ ಇಡೀ ಕ್ರಮವನ್ನು ನಿಮ್ಮ ಗುಂಪಿನ ಹಿರಿಯರು ಕಣ್ಣು ಮುಚ್ಚಿ ಮಾಡುತ್ತಾರೆ. ಕೈಗೆ ಅಷ್ಟು ಒಗ್ಗಿರುವುದರಿಂದಲೇ ಅದು ಹೇಳಬೇಕಾದ ಸಂಗತಿ ಎಂದು ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಬರೆದಿಡುವ ಕೆಲಸವನ್ನು ಅತ್ಯಂತ ಅನುಭವಿಗೆ ಒಪ್ಪಿಸಬೇಡಿ, ಹೋದ ವರ್ಷವಷ್ಟೇ ಮೊದಲ ಬಾರಿಗೆ ಬೋರ್ಡೋ ಮಾಡಿದವರಿಗೆ ಒಪ್ಪಿಸಿ. ಎಲ್ಲಿ ತಡವರಿಸಿದ್ದೆವು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಅನುಭವಿಗಳು ಅದನ್ನು ಓದಿ ತಿದ್ದಿಕೊಡಲಿ.

ಹೀಗೆ ಹತ್ತು ಪ್ರಶ್ನೆಗಳಿಗೆ ಹತ್ತು ಉತ್ತರ ಸಿದ್ಧವಾದರೆ ಆರಂಭಕ್ಕೆ ಸಾಕು. ಒಂದೊಂದಕ್ಕೂ ಒಂದು ಪುಟ, ಸಾಧ್ಯವಾದಲ್ಲಿ ಫೋಟೊ. ಅವುಗಳ ಲಿಂಕನ್ನು ಗುಂಪಿನ ವಿವರಣೆಯಲ್ಲಿ (ಡಿಸ್ಕ್ರಿಪ್ಷನ್) ಹಾಕಿ. ‘ಅಲ್ಲಿದೆ ನೋಡು’ ಎಂದು ಬೆರಳು ತೋರಿಸುವುದಕ್ಕೂ ಆ ಪುಟವನ್ನೇ ಹೊಸಬನ ಕೈಗಿಟ್ಟು ‘ಇದನ್ನು ಓದಿ, ಅರ್ಥವಾಗದ್ದನ್ನು ಕೇಳಿ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಹುಡುಗನ ಹಳದಿ ಸೋಗೆಗೆ ಬರೋಣ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕುಡಿಯಲು ನೀರು ಕೊಡುತ್ತೇವೆ, ಆಮೇಲೆ ಯಾವೂರು, ಏನು ಕೆಲಸ ಎಂದು ಕೇಳುತ್ತೇವೆ. ಆನ್‌ಲೈನ್ ಗುಂಪಿನಲ್ಲಿ ಆ ನೀರಿನ ಸ್ಥಾನ ‘ಸುಸ್ವಾಗತ’ ಎಂಬ ಹೂವಿನ ಚಿತ್ರಕ್ಕಿಲ್ಲ. ಮರುಪ್ರಶ್ನೆಗೆ ಇದೆ. ‘ಗಿಡದ ವಯಸ್ಸೆಷ್ಟು? ಹಳದಿಯಾಗಿರುವುದು ಕೆಳಗಿನ ಹಳೆಯ ಸೋಗೆಯೋ, ಸುಳಿಯ ಪಕ್ಕದ ಎಳೆಯ ಸೋಗೆಯೋ? ತೋಟದಲ್ಲಿ ನೀರು ನಿಲ್ಲುತ್ತದೆಯೇ? ಕೊನೆಯ ಬಾರಿ ಗೊಬ್ಬರ ಕೊಟ್ಟದ್ದು ಯಾವಾಗ?’ ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಎರಡು ಲಾಭವಾಗುತ್ತಿತ್ತು. ತನ್ನ ತೋಟದ ಬಗ್ಗೆ ಒಬ್ಬರಿಗೆ ಕಾಳಜಿಯಿದೆ ಎಂದು ತಿಳಿಯುತ್ತಿತ್ತು. ಜೊತೆಗೆ, ಉತ್ತರ ಬರುವ ಮೊದಲೇ ಅವನು ಕಲಿಯಲು ಆರಂಭಿಸುತ್ತಿದ್ದ. ಸಾರಜನಕವೋ ಮೆಗ್ನೀಷಿಯಮ್ಮೋ ಕಡಿಮೆಯಾದರೆ ಹಳೆಯ ಸೋಗೆ ಮೊದಲು ಹಳದಿಯಾಗುತ್ತದೆ, ಕಬ್ಬಿಣದ ಕೊರತೆಯಾದರೆ ಎಳೆಯದು ಮೊದಲು ಬಿಳಚುತ್ತದೆ, ನೀರು ನಿಂತು ಬೇರು ಉಸಿರುಗಟ್ಟಿದರೂ ಹಳದಿಯಾಗುತ್ತದೆ. ಹಳದಿ ಎಂಬ ಒಂದೇ ಬಣ್ಣದ ಹಿಂದೆ ಹಲವು ಕಾರಣಗಳಿವೆ ಎಂಬುದೇ ಅವನಿಗೆ ದೊಡ್ಡ ಪಾಠ. ‘ನಿನ್ನೆ ಹೇಳಿದ್ದೇವೆ’ ಎಂದವರು ನಿನ್ನೆ ಹೇಳಿದ್ದು ಬೇರೆಯವರ ತೋಟದ ಹಳದಿಗೆ ತಾನೆ?

ಆದರೆ ಈ ಮರುಪ್ರಶ್ನೆಗಳನ್ನು ಅರ್ಜಿಯ ನಮೂನೆಯಂತೆ ಮೊದಲೇ ಮುಂದಿಡಬೇಡಿ. ಎಲ್ಲ ವಿವರ ತುಂಬಿದರೆ ಮಾತ್ರ ಉತ್ತರ ಎಂಬ ನಿಯಮ ಕೆಲವು ಗುಂಪುಗಳಲ್ಲಿದೆ. ನಾನೂ ಒಮ್ಮೆ ಅದನ್ನು ಜಾರಿಗೆ ತಂದಿದ್ದೆ. ಪ್ರಶ್ನೆಗಳು ಅಚ್ಚುಕಟ್ಟಾದವು ನಿಜ, ಆದರೆ ಕೇಳುವವರು ಹಳಬರೇ ಆಗಿ ಉಳಿದರು. ಯಾವ ವಿವರ ಮುಖ್ಯ ಎಂದು ತಿಳಿದಿದ್ದರೆ ಹೊಸಬರು ಹೊಸಬರೇ ಆಗಿರುತ್ತಿರಲಿಲ್ಲ. ಎರಡು ತಿಂಗಳಿಗೆ ಆ ನಿಯಮವನ್ನು ತೆಗೆದೆ. ಕನ್ನಡ ಲಿಪಿಯಲ್ಲೇ ಟೈಪ್ ಮಾಡಬೇಕು, ವಾಯ್ಸ್ ಮೆಸೇಜ್ ಹಾಕಬಾರದು ಎಂಬ ನಿಯಮಗಳೂ ಇಂಥವೇ. ಉದ್ದನೆಯ ವಾಯ್ಸ್ ಮೆಸೇಜ್ ಕೇಳುವುದು ಕಿರಿಕಿರಿ ಎಂದು ನನಗೂ ಗೊತ್ತು. ಆದರೂ ಬರೆಯಲು ಬಾರದ, ಅಥವಾ ಮಣ್ಣು ಮೆತ್ತಿದ ಕೈಯಲ್ಲಿ ತೋಟದಿಂದಲೇ ಕೇಳುವ ರೈತನಿಗೆ ಉಳಿದಿರುವ ದಾರಿ ಅದೊಂದೇ. ಒಂದು ನಿಮಿಷದೊಳಗೆ ಮುಗಿಸಿ ಎಂದು ಕೇಳಿಕೊಳ್ಳಿ, ನಿಷೇಧಿಸಬೇಡಿ.

ನಿಯಮಗಳು ಗಟ್ಟಿಯಾದಷ್ಟೂ ಸಮುದಾಯ ಗಟ್ಟಿಯಾಗುತ್ತದೆ ಎಂಬ ನಂಬಿಕೆಗೆ ಇಂಗ್ಲಿಷ್ ವಿಕಿಪೀಡಿಯದ ಅನುಭವ ಉತ್ತರ ಕೊಟ್ಟಿದೆ. ಅಲ್ಲಿ ಸಕ್ರಿಯವಾಗಿ ಬರೆಯುವವರ ಸಂಖ್ಯೆ 2007ರವರೆಗೆ ಏರಿ ಆಮೇಲೆ ಇಳಿಯತೊಡಗಿತು. ಸಂಶೋಧಕ ಏರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದೇನೆಂದರೆ, ಗುಣಮಟ್ಟ ಕಾಯಲೆಂದು ಹಳಬರು ಕಟ್ಟಿಕೊಂಡ ಬಿಗಿ ನಿಯಮಗಳೂ ಸ್ವಯಂಚಾಲಿತ ಸಾಧನಗಳೂ ಒಳ್ಳೆಯ ಉದ್ದೇಶದಿಂದ ಬಂದ ಹೊಸಬರ ಬರಹವನ್ನೂ ಅಳಿಸಿಹಾಕುತ್ತಿದ್ದವು, ಮೊದಲ ಪ್ರಯತ್ನವೇ ತಿರಸ್ಕೃತವಾದವರು ಮರಳಿ ಬರುತ್ತಿರಲಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಕೂಡ 2018ರಲ್ಲಿ, ತನ್ನಲ್ಲಿ ಹೊಸಬರಿಗೆ ಆದರವಿಲ್ಲವೆಂದು ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ, ಮೊದಲ ಬಾರಿ ಬರೆಯುವವರ ಪ್ರಶ್ನೆಯ ಜೊತೆ ‘ಇವರು ಹೊಸಬರು’ ಎಂಬ ಗುರುತು ಕಾಣುವಂತೆ ಮಾಡಿತು. ವಾಟ್ಸಾಪಿನಲ್ಲಿ ಅಂಥ ಗುರುತಿಲ್ಲ, ಆದರೆ ಅಡ್ಮಿನ್ ಒಂದು ಸಾಲು ಬರೆಯಬಹುದು: ‘ಇವರು ಈ ವಾರ ಸೇರಿದವರು, ಇದು ಇವರ ಮೊದಲ ಪ್ರಶ್ನೆ.’ ಈ ಒಂದು ಸಾಲು ಕಂಡರೆ ಉತ್ತರ ಬರೆಯುವವರ ಧಾಟಿ ತಾನಾಗಿ ಮೆದುವಾಗುತ್ತದೆ. ನಾನು ಇದನ್ನು ಪ್ರತಿ ವಾರ ನೋಡುತ್ತಿದ್ದೇನೆ.

ಹಿರಿಯರ ಬೇಸರವನ್ನೂ ನಾವು ಗೌರವಿಸಬೇಕು. ದಿನವಿಡೀ ತೋಟದಲ್ಲಿ ದುಡಿದು ರಾತ್ರಿ ಊಟವಾದ ಮೇಲೆ ಪುಕ್ಕಟೆಯಾಗಿ ಇನ್ನೊಬ್ಬರ ಗಿಡದ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಅವರು. ಎಲ್ಲ ಪ್ರಶ್ನೆಯೂ ಅವರ ಹೆಗಲ ಮೇಲೇ ಬಿದ್ದರೆ ಸಿಡುಕು ಬಾರದೆ ಇರುವುದಿಲ್ಲ. ಆದ್ದರಿಂದ ಪಾಳಿ ಮಾಡಿ. ವಾರಕ್ಕೆ ಇಬ್ಬರು ಸಾಕು, ಆ ವಾರ ಹೊಸಬರ ಪ್ರಶ್ನೆಗೆ ಒಂದು ದಿನದೊಳಗೆ ಯಾವುದಾದರೂ ಮಾತು ಸಿಗುವಂತೆ ನೋಡಿಕೊಳ್ಳುವುದು ಅವರ ಹೊಣೆ. ಇಬ್ಬರೂ ಪರಿಣತರಾಗಬೇಕಿಲ್ಲ. ಎರಡು ಮೂರು ವರ್ಷದ ಅನುಭವವಿದ್ದು, ತಾಳ್ಮೆಯಿದ್ದು, ತಮಗೆ ತಿಳಿಯದ್ದನ್ನು ಹಿರಿಯರಿಗೆ ದಾಟಿಸುವ ವಿವೇಕವಿದ್ದರೆ ಸಾಕು. ನಿಜವಾಗಿ ಕಠಿಣವಾದ ಪ್ರಶ್ನೆಗಳು ಮಾತ್ರ ಹಿರಿಯರ ಬಳಿ ಹೋಗುವಂತಾದರೆ ಅವರ ಉತ್ಸಾಹವೂ ಮರಳುತ್ತದೆ. ಹುಡುಗನಿಗೆ ಗದರಿದವರಿಗೆ ಗುಂಪಿನಲ್ಲಿ 700 ಜನರ ಎದುರು ಬುದ್ಧಿ ಹೇಳಬೇಡಿ. ಅವರ ತೋಟಕ್ಕೇ ಹೋಗಿ, ಹೊಸಬರ ಫೋನಿನಲ್ಲಿ ಗುಂಪು ಹೇಗೆ ಕಾಣುತ್ತದೆ ಎಂದು ತೋರಿಸಿ. ಹೊಸದಾಗಿ ಸೇರಿದ ಒಬ್ಬರ ಫೋನನ್ನು ಅವರ ಕೈಗೆ ಕೊಟ್ಟು ಮೇಲಕ್ಕೆ ತಳ್ಳಿ ನೋಡಲು ಹೇಳಿ. ಖಾಲಿ ಪರದೆ ಕಂಡ ಮೇಲೆ ನನ್ನ ಗುಂಪಿನ ಅತ್ಯಂತ ಖಾರದ ಮಾತಿನ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಬೋರ್ಡೋ ಪುಟವನ್ನು ತಿದ್ದಿಕೊಟ್ಟವರು ಅವರೇ.

ಹೊಸಬರ ಪ್ರಶ್ನೆ ಗುಂಪಿಗೆ ಹೊರೆ ಎಂಬ ಭಾವನೆಯನ್ನೇ ನಾನು ಒಪ್ಪುವುದಿಲ್ಲ. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಅಮೆರಿಕ ಖಂಡದ ಈ ಹುಳುವನ್ನು ಆ ಮುಂಗಾರಿಗೆ ಮುಂಚೆ ದಾವಣಗೆರೆಯ ಯಾವ ಹಳೆಯ ಬೆಳೆಗಾರರೂ ಕಂಡಿರಲಿಲ್ಲ. ಮೂವತ್ತು ವರ್ಷ ಮೆಕ್ಕೆಜೋಳ ಬೆಳೆದವರೂ ಅಂದು ಹೊಸಬರೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಎಂಬ ಗುರುತನ್ನು ಎಲ್ಲರೂ ಒಟ್ಟಿಗೆ ಕಲಿಯಬೇಕಾಯಿತು. ಅಂಥ ದಿನ ಮತ್ತೆ ಬಂದಾಗ ‘ಇದು ಯಾವ ಹುಳು?’ ಎಂಬ ಫೋಟೊ ಬಹುಶಃ ಹೊಸಬರಿಂದಲೇ ಮೊದಲು ಬರುತ್ತದೆ, ಏಕೆಂದರೆ ಹಳಬರು ಅದನ್ನು ಮಾಮೂಲಿ ಕಾಂಡ ಕೊರೆಯುವ ಹುಳು ಎಂದುಕೊಂಡು ಮುಂದೆ ಹೋಗಿರುತ್ತಾರೆ. ಕೇಳಲು ಹೆದರುವ ಗುಂಪಿನಲ್ಲಿ ಆ ಫೋಟೊ ಬರುವುದೇ ಇಲ್ಲ.

ಆದರ ಎಂದರೆ ಯಾರು ಏನು ಹೇಳಿದರೂ ಸರಿ ಎನ್ನುವುದಲ್ಲ. ಔಷಧಿಯ ಪ್ರಮಾಣ ತಪ್ಪಾಗಿ ಬಂದರೆ ತಕ್ಷಣ ಆ ಸಂದೇಶ ಅಳಿಸಿ, ಸರಿಯಾದದ್ದನ್ನು ಕಾರಣಸಹಿತ ಬರೆಯಿರಿ. ಬೇರೆಯವರ ಸಂದೇಶ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಇನ್ನೊಂದು ವಿಷಯದಲ್ಲಿ ನೀವು ನಿಷ್ಠುರರಾಗಲೇಬೇಕು. ಹೊಸಬರು ಪ್ರಶ್ನೆ ಕೇಳಿದ ಹತ್ತು ನಿಮಿಷದಲ್ಲಿ ಅವರ ಸ್ವಂತ ನಂಬರಿಗೆ ಔಷಧಿ, ಗೊಬ್ಬರ ಮಾರುವವರ ಕರೆ ಬರುತ್ತದೆ. ಹೆಣ್ಣುಮಕ್ಕಳ ಪಾಡಂತೂ ಇನ್ನೂ ಕಷ್ಟ. ಗುಂಪಿನಲ್ಲಿ ಒಮ್ಮೆ ಮಾತನಾಡಿದರೆ ಅವರ ನಂಬರು ನೂರಾರು ಅಪರಿಚಿತರ ಗಮನಕ್ಕೆ ಬೀಳುತ್ತದೆ, ರಾತ್ರಿ ಅನಗತ್ಯ ಸಂದೇಶಗಳು ಬರುತ್ತವೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ತೋಟದ ಅರ್ಧ ಕೆಲಸ ಮಾಡುವವರು ಗುಂಪಿನಲ್ಲಿ ಕಾಣದಿರಲು ಇದೊಂದು ಮುಖ್ಯ ಕಾರಣ. ಕೇಳದೆ ಖಾಸಗಿಯಾಗಿ ಸಂಪರ್ಕಿಸುವವರನ್ನು ಮೊದಲ ದೂರಿಗೇ ಹೊರಗೆ ಹಾಕಿ. ಇಬ್ಬರು ಮಹಿಳೆಯರನ್ನು ಅಡ್ಮಿನ್ ಮಾಡಿ, ಅವರ ಮೂಲಕ ಹೆಸರಿಲ್ಲದೆ ಪ್ರಶ್ನೆ ಕೇಳುವ ದಾರಿ ತೆರೆಯಿರಿ. ನಿಮ್ಮ 22 ನಿಯಮಗಳಲ್ಲಿ ಇದೊಂದು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಇದನ್ನು ಸೇರಿಸಿ, ಹದಿನೆಂಟನ್ನು ತೆಗೆಯಿರಿ.

ಬೇರೆ ಗುಂಪಿನ ಮಾತು. ಹೊಸಬರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಹಳಬರು ಇನ್ನೊಂದರಲ್ಲಿ ಕುಳಿತರೆ, ಅಲ್ಲಿ ಉತ್ತರ ಹೇಳುವವರಿಲ್ಲ, ಇಲ್ಲಿ ಪ್ರಶ್ನೆ ಕೇಳುವವರಿಲ್ಲ. ಆ ಖಾಲಿ ಜಾಗಕ್ಕೆ ಬರುವವರು ಔಷಧಿ ಮಾರುವವರು. ವಿಕಿಪೀಡಿಯದಲ್ಲಿ 2012ರಿಂದ ಹೊಸಬರಿಗೆಂದೇ ‘ಚಹಾ ಮನೆ’ ಎಂಬರ್ಥದ ಪ್ರತ್ಯೇಕ ಜಾಗವಿದೆ, ಅದು ನಡೆದುಕೊಂಡು ಬಂದಿದೆ. ಆದರೆ ಅದು ನಡೆಯುವುದು ಅನುಭವಿಗಳು ಆತಿಥೇಯರಾಗಿ ಸ್ವಇಚ್ಛೆಯಿಂದ ಅಲ್ಲಿ ಕುಳಿತಿರುವುದರಿಂದ. ನಿಮ್ಮ ಪಾಳಿ ಆರು ತಿಂಗಳು ತಪ್ಪದೆ ನಡೆದರೆ, ಆಗ ಪಾಳಿಯವರನ್ನೇ ಆತಿಥೇಯರನ್ನಾಗಿಸಿ ವಾಟ್ಸಾಪಿನ ಕಮ್ಯುನಿಟಿ ಸೌಲಭ್ಯದಲ್ಲಿ ಒಂದು ಉಪಗುಂಪು ತೆರೆಯಬಹುದು.

ಹೊಸಬರು ಕೇಳುವುದು ಮಾತ್ರವಲ್ಲ, ಕೊಡುವಂತೆಯೂ ಆಗಬೇಕು. ಜನ ಕೆಲಸ ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ವಿವರಿಸಿದ ಆಫ್ರಿಕದ ಲೈಬೀರಿಯದ ದರ್ಜಿಗಳಲ್ಲಿ ಕಲಿಯಲು ಬಂದ ಹುಡುಗ ಮೊದಲು ಗುಂಡಿ ಹಾಕುತ್ತಾನೆ, ಅಂಚು ಹೊಲಿಯುತ್ತಾನೆ, ಬಟ್ಟೆ ಕತ್ತರಿಸುವುದು ಕೊನೆಗೆ. ಮೊದಲ ದಿನದಿಂದಲೇ ಅವನ ಕೈಯ ಕೆಲಸ ಸಿದ್ಧ ಉಡುಪಿನಲ್ಲಿ ಇರುತ್ತದೆ. ನಿಮ್ಮ ಗುಂಪಿನ ಗುಂಡಿ ಹಾಕುವ ಕೆಲಸ ಯಾವುದು? ‘ನಿಮ್ಮೂರಿನಲ್ಲಿ ನಿನ್ನೆ ಮಳೆ ಹೇಗಾಯಿತು?’ ಎಂಬುದು ನನಗೆ ಹೊಳೆಯುವ ಅತ್ಯಂತ ಒಳ್ಳೆಯ ಕೆಲಸ. ಅದಕ್ಕೆ ತಪ್ಪು ಉತ್ತರವಿಲ್ಲ, ಅನುಭವ ಬೇಡ, ಆದರೆ ಅಡಿಕೆ ಬೇಯಿಸಿ ಒಣಗಲು ಹರಡಿರುವ ಪಕ್ಕದೂರಿನವರಿಗೆ ಆ ಮಾಹಿತಿ ಬೇಕೇ ಬೇಕು. ಹೀಗೆ ನಾಲ್ಕು ಸಲ ಮಾತನಾಡಿದವರಿಗೆ ಐದನೆಯ ಸಲ ತಮ್ಮ ಕಷ್ಟ ಹೇಳಿಕೊಳ್ಳುವುದು ಸುಲಭ.

ಇವೆಲ್ಲ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಒಂದು ನೋಟ್‌ಬುಕ್ ಇಡಿ. ತಿಂಗಳಲ್ಲಿ ಎಷ್ಟು ಜನ ಮೊದಲ ಬಾರಿಗೆ ಪ್ರಶ್ನೆ ಕೇಳಿದರು, ಅವರಲ್ಲಿ ಎಷ್ಟು ಜನರಿಗೆ ಒಂದು ದಿನದೊಳಗೆ ಉತ್ತರ ಸಿಕ್ಕಿತು, ಎಷ್ಟು ಜನ ಮುಂದಿನ ತಿಂಗಳೊಳಗೆ ಮತ್ತೆ ಬರೆದರು. ಈ ಮೂರು ಅಂಕಿಗಳು ಸಾಕು. ಸದಸ್ಯರು 700 ಇದ್ದಾರೋ 1,000 ಇದ್ದಾರೋ ಎಂಬ ಲೆಕ್ಕವನ್ನು ಬದಿಗಿಡಿ.

ಕೊನೆಯದಾಗಿ, ಆ ಹುಡುಗನ ನಂಬರು ನಿಮ್ಮ ಬಳಿ ಇದೆ. ಇಂದು ಸಂಜೆಯೇ ಫೋನ್ ಮಾಡಿ. ಗುಂಪಿಗೆ ಮರಳಿ ಬಾ ಎಂದು ಮೊದಲೇ ಹೇಳಬೇಡಿ, ಗಿಡದ ವಯಸ್ಸೆಷ್ಟು ಎಂದು ಕೇಳಿ. ಬಸಿಗಾಲುವೆ ಎಷ್ಟು ಆಳವಿದೆ, ಮಳೆ ನಿಂತ ಮರುದಿನವೂ ಬುಡದಲ್ಲಿ ನೀರಿರುತ್ತದೆಯೇ ಎಂದು ವಿಚಾರಿಸಿ. ಹತ್ತಿರದಲ್ಲಿದ್ದರೆ ಭಾನುವಾರ ಒಮ್ಮೆ ಹೋಗಿ ನೋಡಿ ಬನ್ನಿ, ಗದರಿದ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.